ಸಿಡಿಲಿನಿಂದ ಉಳಿದ ಮೊಮ್ಮಗನ ಜೊತೆ: ನನ್ನ ಅನುಭವ

ಸಿಡಿಲಿನ ಸುದ್ದಿ ಪೇಪರಿನಲ್ಲಿ ಬರುವುದು ನಾಲ್ಕೇ ಸಾಲು. ಇಂಥ ಊರು, ಇಂಥ ಹೊತ್ತು, ಮರದ ಕೆಳಗೆ ನಿಂತಿದ್ದರು, ಗಾಯಗೊಂಡವರು ಪ್ರಾಣಾಪಾಯದಿಂದ ಪಾರು. ಪಾರಾದ ಮಗು ಮನೆಗೆ ಬಂದ ಮೇಲೆ ಓದುತ್ತಿದೆಯಾ, ನಿದ್ದೆ ಮಾಡುತ್ತಿದೆಯಾ, ನಗುತ್ತಿದೆಯಾ ಅಂತ ಯಾರೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಕೆಲಸ ಶುರುವಾಗಿದ್ದೇ ಆ ನಾಲ್ಕು ಸಾಲು ಮುಗಿದ ಮೇಲೆ. ಅದನ್ನು ಇಲ್ಲಿ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಗಲಿಡೀ ಹುಡುಗನ ಜೊತೆ ಇದ್ದವಳು ನಾನು.

ಆಗ ಅವನು ಐದನೇ ಕ್ಲಾಸು ಮುಗಿಸಿದ್ದ. ಏಪ್ರಿಲ್ ಕೊನೆ, ಭರಣಿ ಮಳೆ ಹಿಡಿಯುವ ಕಾಲ. ಬೆಂಗಳೂರಿನವರಿಗೆ ಗೊತ್ತಲ್ವಾ, ಮಧ್ಯಾಹ್ನದವರೆಗೆ ಉರಿ ಬಿಸಿಲು, ನಾಲ್ಕು ಗಂಟೆಗೆ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ, ಮಳೆಗಿಂತ ಮೊದಲೇ ಗುಡುಗು. ಹುಡುಗರು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಹನಿ ಬಿದ್ದ ಕೂಡಲೇ ಅಂಚಿನ ದೊಡ್ಡ ಮರದ ಕೆಳಗೆ ಓಡಿದರು. ಸಿಡಿಲು ಬಡಿದದ್ದು ಮರಕ್ಕೆ. ಮರದಿಂದ ಇಳಿದ ಕರೆಂಟು ನೆಲದಲ್ಲಿ ಹರಡಿ, ನಿಂತವರ ಒಂದು ಕಾಲಿನಿಂದ ಏರಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಸಿಡಿಲಿಗೆ ಸಿಕ್ಕವರಲ್ಲಿ ನೇರವಾಗಿ ಹೊಡೆಸಿಕೊಂಡವರು ಕಡಿಮೆ. ಹೀಗೆ ನೆಲದ ಮೂಲಕ ತಗುಲಿದವರೇ ಜಾಸ್ತಿ. ಮೂವರು ಹುಡುಗರು ಬಿದ್ದರು. ಅದರಲ್ಲಿ ನಮ್ಮವನೂ ಒಬ್ಬ.

ಸುತ್ತ ನಿಂತವರು "ಮುಟ್ಟಬೇಡಿ, ಶಾಕ್ ಹೊಡೆಯುತ್ತೆ" ಅಂತ ಕೂಗುತ್ತಿದ್ದರಂತೆ. ಒಬ್ಬ ಆಟೋ ಡ್ರೈವರ್ ಅದಕ್ಕೆ ಕಿವಿಗೊಡದೆ ಹುಡುಗರನ್ನು ಎತ್ತಿ ಆಸ್ಪತ್ರೆಗೆ ತಂದ. ಅವನ ಋಣ ನಮ್ಮ ಮನೆಯ ಮೇಲೆ ಯಾವತ್ತೂ ಇರುತ್ತದೆ. ಸಿಡಿಲು ತಗುಲಿದ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ತಕ್ಷಣ ಮುಟ್ಟಬಹುದು, ಮುಟ್ಟಲೇಬೇಕು. ಉಸಿರು ನಿಂತಿದ್ದರೆ ಎದೆ ಒತ್ತಿ ಬಾಯಿಗೆ ಉಸಿರು ಕೊಡಬೇಕು. ಹಲವರು ಒಟ್ಟಿಗೆ ಬಿದ್ದಿದ್ದರೆ, ಸತ್ತಂತೆ ಕಾಣುವವರ ಕಡೆ ಮೊದಲು ಓಡಬೇಕು. ನರಳುತ್ತಿರುವವರ ಹೃದಯ ನಡೆಯುತ್ತಿದೆ ಅಂತಲೇ ಅರ್ಥ. ಸುಮ್ಮನೆ ಬಿದ್ದವರನ್ನು ಆ ಕೆಲವು ನಿಮಿಷದಲ್ಲಿ ವಾಪಸ್ ತರಬಹುದು. ಈ ಒಂದು ವಿಷಯ ಎಲ್ಲರಿಗೂ ತಿಳಿದಿರಲಿ ಅಂತ ನನ್ನ ಆಸೆ.

ನಾನು ಹೋಗುವಷ್ಟರಲ್ಲಿ ಹುಡುಗನಿಗೆ ಎಚ್ಚರ ಇತ್ತು. ಎರಡೂ ಕಾಲು ತಣ್ಣಗೆ, ನೀಲಿ ಬಣ್ಣ, ಅಲುಗಾಡುತ್ತಿರಲಿಲ್ಲ. ಎಡಗಿವಿಯಿಂದ ಸ್ವಲ್ಪ ರಕ್ತ. ಬೆನ್ನ ಮೇಲೆ ಜರೀಗಿಡದ ಎಲೆ ಬರೆದ ಹಾಗೆ ಕೆಂಪು ಗೆರೆಗಳು. ನಮಗೆ ಜೀವವೇ ಹಾರಿಹೋಯಿತು. ಆದರೆ ಕಾಲಿನ ಈ ಸ್ಥಿತಿ ಸಿಡಿಲು ತಗುಲಿದವರಲ್ಲಿ ಸಾಮಾನ್ಯವಂತೆ. ಕೆರಾನೋಪ್ಯಾರಾಲಿಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಬಿಡುತ್ತದೆ. ರಾತ್ರಿಯ ಹೊತ್ತಿಗೆ ಬೆರಳು ಆಡಿಸಿದ. ಮರುದಿನ ಬೆನ್ನಿನ ಗೆರೆಯೂ ಮಾಯ. ಇಸಿಜಿ, ರಕ್ತ, ಮೂತ್ರ, ತಲೆಯ ಎಂಆರ್‌ಐ ಎಲ್ಲ ನಾರ್ಮಲ್. ಕಿವಿತಮಟೆಯಲ್ಲಿ ಒಂದು ಸಣ್ಣ ತೂತು ಬಿಟ್ಟರೆ ಏನೂ ಇಲ್ಲ ಅಂತ ಮನೆಗೆ ಕಳಿಸಿದರು. ಬೀದಿಯವರೆಲ್ಲ ಬಂದು ನೋಡಿ, ಪುನರ್ಜನ್ಮ ಅಂದರು. ಮನೆಯಲ್ಲಿ ಪಾಯಸ ಮಾಡಿದೆವು.

ಮೊದಲ ವಾರ ಹಗಲೂ ರಾತ್ರಿ ನಿದ್ದೆ. ಸುಸ್ತು ಇರುತ್ತೆ ಬಿಡು ಅಂದುಕೊಂಡೆವು. ಆಮೇಲೆ ನಿದ್ದೆಯೇ ಇಲ್ಲ. ತಲೆನೋವು. ಅಂಗಾಲಿನಲ್ಲಿ ಜೋಮು, ಕೆಲವು ಸಲ ಇರುವೆ ಕಚ್ಚಿದ ಹಾಗೆ ಉರಿ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ರೂಮಿಗೆ ಓಡುತ್ತಿದ್ದ. "ಚಪ್ಪಲಿ ಹಾಕ್ಕೊಂಡು, ನೀರಿನ ಬಾಟ್ಲಿ ತಗೊಂಡು ಬಾ" ಅಂದರೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಬಾಟ್ಲಿ ನೆನಪೇ ಇಲ್ಲ. ಓದಲು ಕೂತರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ. ಎಂದೂ ಎದುರು ಮಾತಾಡದ ಹುಡುಗ ತಟ್ಟೆ ಎಸೆದ. ಎಸೆದು, ಆಮೇಲೆ ತಾನೇ ಅತ್ತ.

"ಅಜ್ಜಿ, ನನ್ನ ತಲೆ ಒಳಗೆ ಏನೋ ನಿಧಾನ ಆಗಿದೆ" ಅಂದ ಒಂದು ದಿನ.

ಈ ಮಾತನ್ನು ನಾನು ನಂಬಿದೆ. ಆಮೇಲೆ ಮಾಡಿದ ಎಲ್ಲ ಕೆಲಸವೂ ಈ ನಂಬಿಕೆಯಿಂದ ಹುಟ್ಟಿದ್ದು. ಮಕ್ಕಳ ಜೊತೆ ಬದುಕು ಕಳೆದವಳು ನಾನು. ಕಳ್ಳಾಟ ಆಡುವ ಮಗು ತನಗೆ ಇಷ್ಟವಾದ ಕೆಲಸ ತಪ್ಪಿಸಿಕೊಳ್ಳುವುದಿಲ್ಲ. ಇವನು ಕೇರಂ ಆಟವನ್ನೂ ಅರ್ಧಕ್ಕೇ ಬಿಟ್ಟು ಮಲಗುತ್ತಿದ್ದ. ಇದು ನಾಟಕ ಹೇಗಾಗುತ್ತದೆ? ಆದರೂ ಮನೆಗೆ ಬಂದವರು ಅದನ್ನೇ ಹೇಳಿದರು. ಮುದ್ದು ಜಾಸ್ತಿಯಾಯಿತು ಅಂದರು. ಜೊತೆಯಲ್ಲಿ ಬಿದ್ದ ಇನ್ನಿಬ್ಬರು ಹುಡುಗರು ಆಗಲೇ ಸೈಕಲ್ ಹೊಡೆಯುತ್ತಿದ್ದರು, ಅವರನ್ನು ತೋರಿಸಿದರು. ಒಬ್ಬರು ಶಾಂತಿ ಮಾಡಿಸಿ ಅಂದರು, ಮಾಡಿಸಿದೆವು. ಅದರಿಂದ ಮಗಳಿಗೆ ಒಂದಿಷ್ಟು ಸಮಾಧಾನ ಸಿಕ್ಕಿತು, ಅದೂ ಬೇಕಿತ್ತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ್ ರಿಪೋರ್ಟ್ ತಿರುವಿ ನೋಡಿ, ಇವನಿಗೆ ಏನೂ ಆಗಿಲ್ಲ, ಸ್ಕೂಲಿಗೆ ಕಳಿಸಿ ಅಂತ ಎರಡು ನಿಮಿಷದಲ್ಲಿ ಎಬ್ಬಿಸಿದರು.

ಆಮೇಲೆ ಒಬ್ಬ ನರರೋಗ ತಜ್ಞೆ ಸಿಕ್ಕಿದರು. ಅವರು ಸಮಾಧಾನವಾಗಿ ಕೂರಿಸಿಕೊಂಡು ವಿವರಿಸಿದರು. "ಅಮ್ಮ, ಎಂಆರ್‌ಐ ತೋರಿಸೋದು ಮೆದುಳಿನ ಆಕಾರ. ಕೆಲಸ ಹೇಗೆ ಮಾಡ್ತಿದೆ ಅಂತ ಅದರಲ್ಲಿ ಕಾಣಲ್ಲ" ಅಂದರು. ಅಮೆರಿಕದಲ್ಲಿ ಮೇರಿ ಆನ್ ಕೂಪರ್ ಅನ್ನುವ ವೈದ್ಯೆ ದಶಕಗಳ ಕಾಲ ಸಿಡಿಲು ತಗುಲಿದವರನ್ನೇ ಅಧ್ಯಯನ ಮಾಡಿದ್ದಾರಂತೆ. ಅವರು ಇದನ್ನು ಕರೆಂಟು ಹೊಡೆದ ಕಂಪ್ಯೂಟರಿಗೆ ಹೋಲಿಸುತ್ತಾರೆ. ಹೊರಗೆ ಡಬ್ಬಿ ನೆಟ್ಟಗಿದೆ, ಆದರೆ ಒಳಗಿನ ಫೈಲು ಹುಡುಕುವುದು, ಲೆಕ್ಕ ಮಾಡುವುದು ತಡವರಿಸುತ್ತದೆ. ಅಮೆರಿಕದ ಲೆಕ್ಕದಲ್ಲಿ ಸಿಡಿಲು ತಗುಲಿದ ಹತ್ತು ಜನರಲ್ಲಿ ಒಂಬತ್ತು ಜನ ಬದುಕುತ್ತಾರೆ. ಬದುಕಿದವರಲ್ಲಿ ಬಹಳ ಜನರಿಗೆ ನೆನಪು, ಗಮನ, ನಿದ್ದೆ, ತಲೆನೋವು, ನರದ ನೋವು, ಸಿಟ್ಟು, ಇವುಗಳ ತೊಂದರೆ ಉಳಿಯುತ್ತದೆ. ಕರೆಂಟು ಯಾರ ಮೈಯಲ್ಲಿ ಯಾವ ದಾರಿ ಹಿಡಿಯಿತು ಅನ್ನುವುದರ ಮೇಲೆ ತೊಂದರೆ ಬೇರೆ ಬೇರೆ. ಪಕ್ಕದ ಹುಡುಗ ಸೈಕಲ್ ಹೊಡೆಯುವುದಕ್ಕೂ ಇವನು ಮಲಗುವುದಕ್ಕೂ ಅದೇ ಕಾರಣ. ಇದನ್ನು ಕೇಳಿದ ದಿನ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಹುಡುಗ ಮಾತ್ರ ಹಗುರಾದ. "ನಾನು ಸುಳ್ಳು ಹೇಳ್ತಿಲ್ಲ ಅಂತ ಡಾಕ್ಟರ್‌ಗೂ ಗೊತ್ತು" ಅಂದ.

ಡಾಕ್ಟರ್ ನನಗೆ ಕೊಟ್ಟ ಮೊದಲ ಕೆಲಸ ಬರೆದಿಡುವುದು. ಇದು ನನಗೆ ಗೊತ್ತಿದ್ದ ಕೆಲಸ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಹಾಜರಿ ಪುಸ್ತಕದ ಥರ ಗೆರೆ ಎಳೆದೆ. ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಹೊತ್ತಿಗೆ ಎದ್ದ. ತಲೆನೋವು ಬಂದ ಹೊತ್ತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದ. ಎಷ್ಟು ನಿಮಿಷ ಓದಿದ ಮೇಲೆ ಕಣ್ಣು ತಪ್ಪಿತು. ಸಿಟ್ಟು ಬಂತಾ, ಆಗ ಸುತ್ತ ಏನಿತ್ತು. ಅಭಿಪ್ರಾಯ ಬರೆಯಲಿಲ್ಲ, ಕಂಡದ್ದನ್ನು ಮಾತ್ರ ಬರೆದೆ. "ಹಟ ಮಾಡಿದ" ಅಂತ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. "ಟಿವಿ ಮತ್ತು ಮಿಕ್ಸಿ ಎರಡೂ ಓಡುತ್ತಿದ್ದಾಗ ಪುಸ್ತಕ ಎಸೆದ" ಅಂತ ಬರೆದರೆ ಗೊತ್ತಾಗುತ್ತದೆ.

ಕೆಲವು ವಾರದಲ್ಲಿ ಪುಸ್ತಕವೇ ದಾರಿ ತೋರಿಸಿತು. ಸಿಟ್ಟು ಬರುತ್ತಿದ್ದದ್ದು ಎರಡು ಸದ್ದು ಒಟ್ಟಿಗೆ ಇದ್ದಾಗ, ಅಥವಾ ಇಬ್ಬರು ಒಟ್ಟಿಗೆ ಮಾತಾಡಿಸಿದಾಗ. ಓದಿನಲ್ಲಿ ಕಾಲು ಗಂಟೆ ಆಗುವ ಮುಂಚೆಯೇ ಗಮನ ಮುಗಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅವನ ಕೆಟ್ಟ ದಿನ ಬರುತ್ತಿದ್ದದ್ದು ಒಳ್ಳೆಯ ದಿನದ ಮರುದಿನ. ಇವತ್ತು ಚೆನ್ನಾಗಿದ್ದಾನೆ ಅಂತ ನೆಂಟರ ಮನೆಗೆ ಕರೆದುಕೊಂಡು ಹೋದರೆ, ಸಂಜೆಯವರೆಗೆ ಆಡಿದರೆ, ನಾಳೆ ಪೂರ್ತಿ ಹಾಸಿಗೆ. ಇದು ಕಣ್ಣಿಗೆ ಕಾಣುವಂಥದ್ದಲ್ಲ. ಬರೆದಿಟ್ಟು ಹಿಂದಿನ ಪುಟ ತಿರುವಿದರೆ ಮಾತ್ರ ಸಿಗುತ್ತದೆ.

ಹಾಗಾಗಿ ದಿನವನ್ನು ತುಂಡು ಮಾಡಿದೆವು. ಹತ್ತು ನಿಮಿಷ ಓದು, ಐದು ನಿಮಿಷ ಬಿಡುವು. ಬಿಡುವು ಅಂದರೆ ಮೊಬೈಲ್ ಅಲ್ಲ, ಟಿವಿ ಅಲ್ಲ. ಕಣ್ಣು ಮುಚ್ಚಿ ಮಲಗುವುದು ಅಥವಾ ಸುಮ್ನೆ ಬಾಲ್ಕನಿಯಲ್ಲಿ ಕೂರುವುದು. ಅಡುಗೆಮನೆಯ ಟೈಮರ್ ಅವನ ಕೈಗೇ ಕೊಟ್ಟೆ. ಅದರ ಗಂಟೆ ಸದ್ದು ಅವನಿಗೆ ಆಗುತ್ತಿರಲಿಲ್ಲ, ಹಾಗಾಗಿ ಬಟ್ಟೆ ಸುತ್ತಿದೆವು. ಹತ್ತು ನಿಮಿಷ ಆದ ಮೇಲೆ ಅವನು "ಇನ್ನೂ ಓದ್ತೀನಿ" ಅಂದರೂ ಬಿಡುತ್ತಿರಲಿಲ್ಲ. ಸುಸ್ತಾಗುವ ಮುಂಚೆ ನಿಲ್ಲಿಸುವುದೇ ಇಲ್ಲಿ ಚಿಕಿತ್ಸೆ. ಮೇಷ್ಟ್ರು ಕೆಲಸ ಮಾಡಿದವರಿಗೆ ಇದು ಕಷ್ಟ. ಓದುವ ಹುಡುಗನನ್ನು ಎಬ್ಬಿಸುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಒಂದು ವಾರ ತಲೆನೋವಿಲ್ಲದೆ ಹತ್ತು ನಿಮಿಷ ನಡೆದ ಮೇಲೆ ಹನ್ನೆರಡಕ್ಕೆ ಏರಿಸಿದೆವು. ಹಾಗೇ ಹದಿನೈದು. ನಡುವೆ ಜ್ವರ ಬಂದರೆ, ನಿದ್ದೆ ಕೆಟ್ಟರೆ ಮತ್ತೆ ಹತ್ತಕ್ಕೆ ಇಳಿಸುತ್ತಿದ್ದೆವು. ಇಳಿಸುವುದನ್ನು ಸೋಲು ಅಂತ ಅವನಿಗೆ ಅನ್ನಿಸದ ಹಾಗೆ ನೋಡಿಕೊಂಡೆ.

ಈ ನಡುವೆ ಪರೀಕ್ಷೆಗಳೂ ನಡೆದವು. ಕಿವಿತಮಟೆ ತಾನಾಗಿ ಕೂಡಿಕೊಂಡಿತು. ಅಲ್ಲಿಯವರೆಗೆ ಸ್ನಾನದಲ್ಲಿ ಕಿವಿಗೆ ನೀರು ಹೋಗದಂತೆ ವ್ಯಾಸಲಿನ್ ಸವರಿದ ಹತ್ತಿ ಇಡುತ್ತಿದ್ದೆವು. ಕೂಡಿದ ಮೇಲೆ ಕೇಳಿಸುವ ಪರೀಕ್ಷೆ ಮಾಡಿಸಿದೆವು. ಕಣ್ಣಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಿಡಿಲು ತಗುಲಿದವರಿಗೆ ಕಣ್ಣಿನ ಪೊರೆ ಕೆಲವು ದಿನದಲ್ಲೂ ಬರಬಹುದು, ವರ್ಷಗಳ ನಂತರವೂ ಬರಬಹುದು, ಮಕ್ಕಳಿಗೂ ಬರಬಹುದು. ಆಸ್ಪತ್ರೆಯಿಂದ ಬರುವಾಗ ಕಣ್ಣು ಸರಿ ಇತ್ತು ಅಂತ ಬಿಡಬಾರದು. ನಾವು ಈಗಲೂ ಕಣ್ಣಿಗೆ ಔಷಧಿ ಹಾಕಿಸಿ ಒಳಗೆಲ್ಲ ನೋಡಿಸುತ್ತೇವೆ. ಅಂಗಾಲಿನ ಉರಿಗೆ ನರದ ನೋವಿನ ಮಾತ್ರೆ ಡಾಕ್ಟರ್ ಕೊಟ್ಟರು. ಸಾಮಾನ್ಯ ನೋವಿನ ಮಾತ್ರೆ ಅದಕ್ಕೆ ಕೆಲಸ ಮಾಡಿರಲಿಲ್ಲ.

ಬುದ್ಧಿಯ ಕೆಲಸ ಅಳೆಯಲು ನ್ಯೂರೋಸೈಕಾಲಜಿ ಪರೀಕ್ಷೆ ಅಂತ ಒಂದಿದೆ. ಅಂಕಿಗಳನ್ನು ಕೇಳಿಸಿ ಹಿಂದಿನಿಂದ ಹೇಳಿಸುತ್ತಾರೆ. ಪದಗಳ ಪಟ್ಟಿ ಓದಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಕೇಳುತ್ತಾರೆ. ಚಿತ್ರ ನೋಡಿ ಬರೆಸುತ್ತಾರೆ. ನಿಮ್ಹಾನ್ಸ್ ಇರುವ ಊರಿನಲ್ಲಿ ಇರುವುದು ನಮ್ಮಂಥವರ ಪುಣ್ಯ. ನರರೋಗ, ಮಕ್ಕಳ ಮಾನಸಿಕ ಆರೋಗ್ಯ, ಪುನಶ್ಚೇತನ, ಎಲ್ಲ ವಿಭಾಗಗಳೂ ಅಲ್ಲಿ ಒಂದೇ ಕಡೆ ಇವೆ. ನಮ್ಮ ಹುಡುಗನ ಫಲಿತಾಂಶದಲ್ಲಿ ಯೋಚನಾ ಶಕ್ತಿ ಚೆನ್ನಾಗಿಯೇ ಇತ್ತು. ವೇಗ ಕಡಿಮೆಯಾಗಿತ್ತು. ಈಗ ಕೇಳಿದ್ದನ್ನು ಕ್ಷಣಕಾಲ ತಲೆಯಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಶಕ್ತಿ ಕುಂದಿತ್ತು. ಈ ಒಂದು ಹಾಳೆ ನನಗೆ ಪಾಠದ ಯೋಜನೆಯನ್ನೇ ಕೊಟ್ಟಿತು. ದಡ್ಡನಾಗಿಲ್ಲ, ನಿಧಾನ ಆಗಿದ್ದಾನೆ. ಹಾಗಾದರೆ ನಿಧಾನಕ್ಕೆ ಹೇಳಿಕೊಡೋಣ.

ಒಂದು ಸಲಕ್ಕೆ ಒಂದೇ ಮಾತು ಹೇಳುವುದು ಮನೆಯ ನಿಯಮವಾಯಿತು. ಬಾಟ್ಲಿ ತಂದ ಮೇಲೆ ಚಪ್ಪಲಿ. ಬಾಗಿಲ ಪಕ್ಕ ಒಂದು ಬಿಳಿ ಬೋರ್ಡು ಹಾಕಿದೆವು. ಬೆಳಿಗ್ಗೆಯ ಕೆಲಸಗಳನ್ನು ಅವನೇ ಬರೆದು, ಮುಗಿದದ್ದನ್ನು ಅವನೇ ಒರೆಸುತ್ತಿದ್ದ. ಹಳೆಯದು ಅವನಿಗೆ ಗಟ್ಟಿಯಾಗಿ ನೆನಪಿತ್ತು. ಮಗ್ಗಿಯೆಲ್ಲ ಸರಾಗ ಬರುತ್ತಿತ್ತು. ಹೊಸದು ಮಾತ್ರ ಜಾರುತ್ತಿತ್ತು. ಹೊಸ ಪಾಠವನ್ನು ನಾನು ಮೊದಲು ಓದಿ ಹೇಳುತ್ತಿದ್ದೆ, ಆಮೇಲೆ ಅವನು ಅದನ್ನು ಅಮ್ಮನಿಗೆ ರಾತ್ರಿ ಊಟಕ್ಕೆ ಕೂತಾಗ ಹೇಳಬೇಕು, ಮರುದಿನ ಬೆಳಿಗ್ಗೆ ನನಗೆ ಹೇಳಬೇಕು, ಮತ್ತೆ ಭಾನುವಾರ ಅಪ್ಪನಿಗೆ. ಒಂದೇ ಕೂರಿಕೆಯಲ್ಲಿ ಹತ್ತು ಸಲ ಓದಿಸುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ಹೇಳಿಸಿದ್ದು ಉಳಿಯಿತು. ಇದು ಎಲ್ಲ ಮಕ್ಕಳಿಗೂ ನಿಜ, ಇವನಿಗೆ ಇನ್ನೂ ಜಾಸ್ತಿ.

ಥೆರಪಿಸ್ಟ್ ನೆನಪಿನ ಆಟ ಆಡಿಸಿ ಅಂದಾಗ ಮೊಬೈಲ್ ಆಟ ಬೇಡ ಅಂತ ನಿರ್ಧರಿಸಿದೆ. ಬೆಳಕಿಗೇ ಅವನಿಗೆ ತಲೆನೋವು ಬರುತ್ತಿತ್ತು. ಅಟ್ಟದ ಮೇಲಿದ್ದ ಅಳಗುಳಿಮಣೆ ಇಳಿಸಿದೆ. ಒಂದು ಕಡೆ ಏಳು ಗುಳಿ, ಇನ್ನೊಂದು ಕಡೆ ಏಳು. ಹುಣಸೆಬೀಜ ಎತ್ತಿಕೊಂಡು ಒಂದೊಂದೇ ಹಾಕುತ್ತಾ ಹೋಗಬೇಕು. ಚೆನ್ನಾಗಿ ಆಡಬೇಕಾದರೆ ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಅಂತ ತಲೆಯಲ್ಲೇ ಎಣಿಸಬೇಕು. ಅವನಲ್ಲಿ ಕುಂದಿದ್ದ ಶಕ್ತಿ ಅದೇ. ಸದ್ದಿಲ್ಲ, ಅವಸರವಿಲ್ಲ, ಬೀಜ ಹಿಡಿಯುವಾಗ ಬೆರಳಿಗೂ ಕೆಲಸ. ಮೊದಮೊದಲು ಎರಡು ಗುಳಿಯಾಚೆಗೆ ಎಣಿಕೆ ತಪ್ಪುತ್ತಿದ್ದ. ದೀಪಾವಳಿ ಹೊತ್ತಿಗೆ ನನ್ನ ಬೀಜಗಳನ್ನೆಲ್ಲ ದೋಚುತ್ತಿದ್ದ. ಡಿಸೆಂಬರಿನಲ್ಲಿ ಅವರೆಕಾಯಿ ಕಾಲ. ಸೋನೆ ಅವರೆ ಬಿಡಿಸಿ, ನೆನೆಸಿ, ಹಿತಕಿ ಬೇಳೆ ತೆಗೆಯುವ ಕೆಲಸ ಪೂರ್ತಿ ಅವನಿಗೆ ಕೊಟ್ಟೆ. ಬಲಗೈ ಬೆರಳು ಪೆನ್ಸಿಲ್ ಹಿಡಿದರೆ ಬೇಗ ಸೋಲುತ್ತಿತ್ತು. ಹಿತಕುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ಒಳ್ಳೆ ವ್ಯಾಯಾಮ. ಥೆರಪಿಸ್ಟ್ ಕೇಳಿ ಬಹಳ ಖುಷಿಪಟ್ಟರು.

ಅಂಗಾಲಿಗೆ ಫಿಸಿಯೋಥೆರಪಿಸ್ಟ್ ಒಂದು ಕ್ರಮ ಹೇಳಿದರು. ಮೊದಲು ಹತ್ತಿಯಿಂದ ಸವರುವುದು. ಅದು ಅಭ್ಯಾಸವಾದ ಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಟವೆಲ್. ಆಮೇಲೆ ತಟ್ಟೆ ತುಂಬ ರಾಗಿ ಹಾಕಿ ಅದರಲ್ಲಿ ಪಾದ ಇಟ್ಟು ಆಡಿಸುವುದು. ಇದು ಅಪಾಯವಿಲ್ಲದ ಸ್ಪರ್ಶ ಅಂತ ನರಕ್ಕೆ ಮತ್ತೆ ಕಲಿಸಬೇಕಂತೆ. ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ಹೊತ್ತು ಲಾಲ್‌ಬಾಗಿನಲ್ಲಿ ಬರಿಗಾಲಲ್ಲಿ ನಡೆದೆವು. ಹನುಮಂತನಗರದ ರಾಮಾಂಜನೇಯ ಗುಡ್ಡದ ಮೆಟ್ಟಿಲು ನಿಧಾನಕ್ಕೆ ಹತ್ತಿದೆವು. ಎಲ್ಲಿ ಏದುಸಿರು ಬರುತ್ತದೋ ಅದಕ್ಕಿಂತ ಕೆಳಗಿನ ಮೆಟ್ಟಿಲಲ್ಲೇ ಕೂತು ಇಳಿಯುವುದು. ಇಲ್ಲೂ ಟೈಮರಿನ ನಿಯಮವೇ.

ಗುಡುಗಿನ ಭಯದ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು. ನಮಗೆ ಅತಿ ಕಷ್ಟವಾದದ್ದು ಅದೇ.

ಬೆಂಗಳೂರಿನಲ್ಲಿ ಗುಡುಗು ಬೇಸಿಗೆಗೆ ಮುಗಿಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಸಂಜೆ ಹೊತ್ತಿಗೆ ಶುರು. ಮೋಡ ಕಪ್ಪಾದರೆ ಸಾಕು, ಹುಡುಗ ಮಂಚದ ಕೆಳಗೆ ಸೇರುತ್ತಿದ್ದ. ಬೆವರು, ನಡುಕ, ಒಂದೊಂದು ಸಲ ಚಡ್ಡಿ ಒದ್ದೆ. ಪಟಾಕಿ ಸದ್ದಿಗೂ ಹೀಗೇ. ಮನೆಯವರೆಲ್ಲ "ಏನೂ ಆಗಲ್ಲ ಕಣೋ" ಅನ್ನುತ್ತಿದ್ದರು. ಮಕ್ಕಳ ಮನಶ್ಶಾಸ್ತ್ರಜ್ಞೆ ಆ ಮಾತನ್ನೇ ನಿಲ್ಲಿಸಿ ಅಂದರು. ಅವನಿಗೆ ಆಗಿದೆ. ಏನೂ ಆಗಲ್ಲ ಅಂತ ಹೇಳುವವರನ್ನು ಅವನು ಹೇಗೆ ನಂಬುತ್ತಾನೆ? ನಿಜವಾದದ್ದನ್ನು ಮಾತ್ರ ಹೇಳಿ ಅಂದರು. ನಾವು ಹೇಳಿದ್ದು ಇಷ್ಟು: "ಬಯಲಲ್ಲಿ, ಮರದ ಕೆಳಗೆ ಅಪಾಯ ಇದೆ. ಪಕ್ಕಾ ಮನೆ ಒಳಗೆ, ಕಿಟಕಿ ಬಾಗಿಲಿನಿಂದ ದೂರ, ನಲ್ಲಿ ಮುಟ್ಟದೆ, ಗೋಡೆಗೆ ಸಿಕ್ಕಿಸಿದ ವೈರು ಹಿಡಿಯದೆ ಇದ್ದರೆ ನಾವು ಸುರಕ್ಷಿತ. ಗಾಜು ಏರಿಸಿದ ಕಾರು, ಬಸ್ಸಿನ ಒಳಗೂ ಸುರಕ್ಷಿತ." ಇದನ್ನು ಅವನೇ ಒಂದು ಹಾಳೆಯಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿದ. ಕರೆಂಟು ಕಂಬಿಗಳಲ್ಲಿ, ಪೈಪಿನಲ್ಲಿ ಹರಿದು ಭೂಮಿಗೆ ಹೇಗೆ ಇಳಿಯುತ್ತದೆ ಅಂತ ಅವನಪ್ಪ ವಿವರಿಸಿದರು. ಕಾರಣ ಗೊತ್ತಾದ ಭಯ ಸ್ವಲ್ಪ ಸಣ್ಣದಾಗುತ್ತದೆ.

ಆಮೇಲೆ ಸದ್ದು. ಮಳೆಯಿಲ್ಲದ ದಿನ, ಹಗಲಲ್ಲಿ, ಮೊಬೈಲಿನಲ್ಲಿ ಗುಡುಗಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿದೆವು. ಸದ್ದು ಏರಿಸುವುದು, ಇಳಿಸುವುದು, ನಿಲ್ಲಿಸುವುದು ಪೂರ್ತಿ ಅವನ ಬೆರಳಲ್ಲಿ. ನಾವ್ಯಾರೂ ಮುಟ್ಟುವ ಹಾಗಿಲ್ಲ. ಭಯ ಎಷ್ಟಿದೆ ಅಂತ ಹತ್ತಕ್ಕೆ ಅಂಕ ಕೊಡುತ್ತಿದ್ದ. ಅಂಕ ಇಳಿಯುವವರೆಗೆ ಅದೇ ಸದ್ದಿನಲ್ಲಿ ಇರುವುದು, ಇಳಿದ ಮೇಲೆ ಒಂದು ಗೀಟು ಏರಿಸುವುದು. ಇದನ್ನು ತಜ್ಞರು ಹೇಳಿದ ಕ್ರಮದಲ್ಲೇ ಮಾಡಬೇಕು. ಭಯ ಬಿಡಿಸುತ್ತೇವೆ ಅಂತ ಮಗುವನ್ನು ಮಳೆಗೆ ಎಳೆದುಕೊಂಡು ಹೋಗಬಾರದು. ಅದರಿಂದ ಭಯ ದುಪ್ಪಟ್ಟಾಗುತ್ತದೆ.

ನಿಜವಾದ ಗುಡುಗು ಬಂದಾಗ ಕೈ ಹಿಡಿದದ್ದು ನಮ್ಮ ಅಮ್ಮ ಕಲಿಸಿದ್ದು. ಗುಡುಗಿದರೆ ಅರ್ಜುನನ ಹತ್ತು ಹೆಸರು ಹೇಳಬೇಕು ಅಂತ ನಮ್ಮ ಕಡೆ ಎಲ್ಲ ಹಿರಿಯರೂ ಹೇಳುತ್ತಾರೆ. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ನಾನು ಚಿಕ್ಕವಳಿದ್ದಾಗ ಭಯಕ್ಕೆ ಗಡಗಡ ಹೇಳುತ್ತಿದ್ದೆ. ಇವನಿಗೆ ನಿಧಾನಕ್ಕೆ ಹೇಳಲು ಕಲಿಸಿದೆ, ಗಡಿಯಾರ ನೋಡುತ್ತಾ ಒಂದು ಸೆಕೆಂಡಿಗೆ ಒಂದು ಹೆಸರು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡ ಕೂಡಲೇ ಶುರು ಮಾಡಬೇಕು. ಪಾರ್ಥ ಅನ್ನುವಷ್ಟರಲ್ಲಿ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ. ಧನಂಜಯ ಮುಟ್ಟಿದರೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮೂರು ಸುತ್ತು ಹೇಳಿದರೆ 30 ಸೆಕೆಂಡು, ಅಂದರೆ ಹತ್ತು ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗಿರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗಬಾರದು ಅನ್ನುವ ನಿಯಮ ಇದೆಯಲ್ಲ, ಅದನ್ನೂ ಇದಕ್ಕೇ ಸೇರಿಸಿದೆವು.

ಇದರಿಂದ ಎರಡು ಕೆಲಸ ಆಯಿತು. ಹೆಸರು ಹೇಳುವಾಗ ಉಸಿರು ತಾನಾಗಿ ಉದ್ದವಾಗುತ್ತದೆ. ಜೊತೆಗೆ ಕಾಯುವ ಹುಡುಗ ಅಳೆಯುವ ಹುಡುಗನಾದ. ಮಂಚದ ಕೆಳಗಿನಿಂದಲೇ "ಅಜ್ಜಿ, ವಿಜಯ!" ಅಂತ ಕೂಗುತ್ತಿದ್ದ. ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಆಮೇಲೆ ಮಂಚದ ಮೇಲೆ ಬಂದ. ಆಮೇಲೆ ತಾನೇ ಬರೆದುಕೊಳ್ಳಲು ನನ್ನ ಪಕ್ಕ ಕೂತ. ಸಿಡಿಲಿನ ಮುನ್ಸೂಚನೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ಅಪ್ಪನ ಮೊಬೈಲಿನಲ್ಲಿ ಅದನ್ನು ದಿನಕ್ಕೆ ಎರಡು ಸಲ ಮಾತ್ರ ನೋಡಬೇಕು ಅಂತ ಮಿತಿ ಇಟ್ಟೆವು. ಇಲ್ಲದಿದ್ದರೆ ನೋಡುವುದೇ ಒಂದು ಭಯವಾಗುತ್ತದೆ.

ಮೈದಾನಕ್ಕೆ ವಾಪಸ್ ಹೋದದ್ದು ಬಹಳ ತಡವಾಗಿ, ಚಳಿಗಾಲದಲ್ಲಿ, ಆಕಾಶ ಪೂರ್ತಿ ನೀಲಿ ಇದ್ದ ಬೆಳಿಗ್ಗೆ. ಮೊದಲ ಸಲ ಗೇಟಿನವರೆಗೆ. ಆಮೇಲೆ ಒಂದು ಸುತ್ತು. ಮರದ ಹತ್ತಿರ ಹೋಗು ಅಂತ ನಾವು ಹೇಳಲಿಲ್ಲ. ಒಂದು ದಿನ ಬಾಲ್ ಅತ್ತ ಉರುಳಿತು, ಅವನೇ ಹೋಗಿ ತಂದ.

ಮನೆಯವರ ಸ್ಥಿತಿಯನ್ನೂ ಹೇಳಬೇಕು. ರಾತ್ರಿ ಹುಡುಗ ಚೀರಿ ಎದ್ದರೆ ಯಾರಿಗೂ ನಿದ್ದೆಯಿಲ್ಲ. ಮಗಳು, ಅಳಿಯ ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. 14416 ಅಂತ ಟೆಲಿ ಮಾನಸ್ ನಂಬರ್ ಇದೆ, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳು ಅದಕ್ಕೆ ಫೋನ್ ಮಾಡಿ ಮಾತಾಡಿದಳು. ಮಗುವನ್ನು ನೋಡಿಕೊಳ್ಳುವವರಿಗೂ ಯಾರಾದರೂ ಬೇಕು.

ಈಗ ಅವನು ಏಳನೇ ಕ್ಲಾಸು. ಬಿಡುವಿಲ್ಲದೆ ಅರ್ಧ ಗಂಟೆ ಓದುತ್ತಾನೆ. ಅಂಗಾಲಿನ ಉರಿ ಹೋಗಿದೆ, ಜೋಮು ಚಳಿಯಲ್ಲಿ ಬರುತ್ತದೆ. ನಿದ್ದೆ ಚೆನ್ನಾಗಿದೆ. ತಲೆನೋವು ಇನ್ನೂ ಇದೆ, ಪರೀಕ್ಷೆ ಸಮಯದಲ್ಲಿ ಜಾಸ್ತಿ. ಗಲಾಟೆಯ ಮದುವೆ ಮನೆಗೆ ಹೋದರೆ ಒಂದು ಗಂಟೆಯಲ್ಲಿ "ಅಜ್ಜಿ, ಹೋಗೋಣ" ಅನ್ನುತ್ತಾನೆ, ನಾವು ಎದ್ದು ಬರುತ್ತೇವೆ. ಹಿಂದಿದ್ದ ವೇಗ ಪೂರ್ತಿ ಬರುತ್ತದಾ ಅಂತ ಕೇಳಿದಾಗ ಡಾಕ್ಟರ್, ಮಕ್ಕಳ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ, ನೋಡೋಣ ಅಂದಿದ್ದಾರೆ.

ಶಾಲೆಯ ವಿಷಯ ಕೊನೆಗೆ ಇಟ್ಟುಕೊಂಡೆ. ಬೇರೆಯವರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಅದೇ ಅಂತ ನನಗೆ ಅನ್ನಿಸುತ್ತದೆ. ಹೊರಗೆ ಗಾಯ ಕಾಣದ ಮಗುವಿಗೆ ಶಾಲೆಯಲ್ಲಿ ಯಾಕೆ ರಿಯಾಯಿತಿ ಅಂತ ಮೊದಲು ಕೇಳಿದರು. ಬಾಯಿಮಾತು ಸಾಲದು. ಡಾಕ್ಟರ ಪತ್ರ, ಪರೀಕ್ಷೆಯ ಫಲಿತಾಂಶ, ನೋಟ್‌ಬುಕ್ಕಿನ ಎರಡು ಪುಟದ ನಕಲು, ಮೂರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ಕ್ಲಾಸ್ ಟೀಚರ್ ಜೊತೆ ಕೂತೆ. ತೊಂದರೆ ಹೇಳಿ ಸುಮ್ಮನಾಗದೆ, ಏನು ಮಾಡಬೇಕು ಅಂತ ಒಂದೊಂದಾಗಿ ಕೇಳಿದೆ. ಆ ಮೇಡಂ ಎಲ್ಲದಕ್ಕೂ ಒಪ್ಪಿದರು. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಇದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲೂ ವಿಶೇಷ ಅಗತ್ಯವಿರುವ ಮಕ್ಕಳಿಗೆ ಹೆಚ್ಚಿನ ಸಮಯ ಕೊಡುತ್ತಾರೆ. ಹಾಗಾಗಿ ಕೇಳಲು ಸಂಕೋಚ ಬೇಡ. ನಮ್ಮ ಪತ್ರದಲ್ಲಿ ಇದ್ದದ್ದು ಇಷ್ಟು, ಬೇಕಾದವರು ಹಾಗೇ ಬರೆದುಕೊಳ್ಳಿ:

"ಮೊದಲ ತಿಂಗಳು ಮಧ್ಯಾಹ್ನದವರೆಗೆ ಮಾತ್ರ ಶಾಲೆ. ಆಮೇಲೆ ವಾರಕ್ಕೆ ಒಂದೊಂದು ಪೀರಿಯಡ್ ಏರಿಸುವುದು. ಮುಂದಿನ ಬೆಂಚು, ಕಿಟಕಿಯಿಂದ ದೂರ. ತಲೆನೋವು ಬಂದರೆ ಕೇಳದೆ ಎದ್ದು ಹೋಗಿ ಲೈಬ್ರರಿಯಲ್ಲಿ ಹತ್ತು ನಿಮಿಷ ಮಲಗಲು ಅವಕಾಶ. ಬೋರ್ಡಿನಿಂದ ಬರೆದುಕೊಳ್ಳುವ ಬದಲು ನೋಟ್ಸಿನ ನಕಲು. ಒಂದು ಸಲಕ್ಕೆ ಒಂದೇ ಸೂಚನೆ. ಟೆಸ್ಟಿನಲ್ಲಿ ಹೆಚ್ಚಿನ ಸಮಯ, ಆಗದಿದ್ದರೆ ಬಾಯಿಯಲ್ಲಿ ಕೇಳುವುದು. ಒಂದೇ ದಿನ ಎರಡು ಟೆಸ್ಟ್ ಬೇಡ. ಪಿಟಿ ಕ್ಲಾಸಿನಲ್ಲಿ ಅವನು ಸಾಕು ಅಂದರೆ ಸಾಕು. ಗುಡುಗುವಾಗ ಪಕ್ಕದಲ್ಲಿ ಒಬ್ಬ ಗೆಳೆಯ ಕೂರಲಿ. ಮಳೆ ಬರುವಾಗ ಯಾವ ಮಗುವನ್ನೂ ಮೈದಾನದಲ್ಲಿ, ಮರದ ಕೆಳಗೆ ನಿಲ್ಲಿಸಬೇಡಿ."